ಸೀಮೆಸುಣ್ಣದ ಮನೆ

ಬಂದಿರಾ? ಮಗಳ ಮನೆಯಿಂದ ನೀವು ಯಾವಾಗ ಬರುತ್ತೀರಿ ಅಂತ ದಿನಾ ನಿಮ್ಮ ಗೇಟು ನೋಡುವುದೇ ಆಗಿತ್ತು. ಸ್ವಲ್ಪ ಇತ್ತ ಬನ್ನಿ. ಈ ದಾಸವಾಳದ ಕೊಂಬೆ ಪಕ್ಕಕ್ಕೆ ಸರಿಸಿದರೆ ಕಾಂಪೌಂಡಿನ ಮೇಲೆ ಕೈ ಊರಿಕೊಂಡು ಮಾತಾಡಬಹುದು. ನಿಮ್ಮಿಂದ ಒಂದು ಕೆಲಸ ಆಗಬೇಕು, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ನಾಲ್ಕು ಭಾನುವಾರ ಇಲ್ಲಿ ಏನಾಯಿತು ಅಂತ ಕೇಳಿ.

ಆಚೆ ಮನೆ ಮೇಷ್ಟ್ರ ಹತ್ತಿರ ಎಂ.ಎ. ಓದುವ ನಾಲ್ಕು ಮಕ್ಕಳು ಬರುತ್ತಿದ್ದಾರೆ. ಮೂವರು ಹುಡುಗಿಯರು, ಒಬ್ಬ ಹುಡುಗ. ಕಾಲೇಜಿನಲ್ಲಿ ಒಬ್ಬ ಲೇಖಕನ ಬದುಕು-ಬರಹ ಅಂತ ಪ್ರಬಂಧ ಮಂಡಿಸಬೇಕಂತೆ, ಇವರ ಪಾಲಿಗೆ ಕಾಫ್ಕಾ ಬಂದಿದ್ದಾನೆ. ಮೊದಲ ದಿನ ಕರಿಬೇವು ಕೊಡಲು ಹೋದ ನಾನು ಸಂಜೆಯವರೆಗೂ ಜಗಲಿಯಲ್ಲೇ ಕೂತುಬಿಟ್ಟೆ. ಆಮೇಲೆ ಒಂದು ಭಾನುವಾರವೂ ತಪ್ಪಿಸಿಲ್ಲ.

ಮಕ್ಕಳು ಬರುವಾಗಲೇ ಗೈಡಿನಿಂದ ಮಾತು ತುಂಬಿಕೊಂಡು ಬಂದಿದ್ದರು. ಪರಕೀಯತೆ, ದುಃಸ್ವಪ್ನ, ಅಸಂಗತ, ಅತಿವಾಸ್ತವ. ಮೇಷ್ಟ್ರು ಬೈಯಲಿಲ್ಲ. ‘ಕಾಫ್ಕಾ ಸತ್ತದ್ದು 1924ರ ಜೂನ್ 3ಕ್ಕೆ. ಆದ್ರೆ ಬ್ರೆಟನ್ ಪ್ಯಾರಿಸ್ಸಿನಲ್ಲಿ ಅತಿವಾಸ್ತವದ ಪ್ರಣಾಳಿಕೆ ಹೊರಡಿಸಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಆ ಹಣೆಪಟ್ಟಿಯನ್ನು ಅವನು ಕಂಡೇ ಇಲ್ಲ, ನಾವೂ ಕೆಳಗಿಡೋಣ. ಒಬ್ಬೊಬ್ಬರು ಒಂದೊಂದು ಪುಟ ಗಟ್ಟಿಯಾಗಿ ಓದಿ’ ಅಂದರು. ಹಿಡಿದದ್ದು ‘ರೂಪಾಂತರ’ ಕಥೆ. ಬಟ್ಟೆ ಕಂಪನಿಗೆ ಊರೂರು ತಿರುಗುವ ಗ್ರೆಗರ್ ಸಾಮ್ಸಾ ಅನ್ನುವವನು ಬೆಳಗ್ಗೆ ಎದ್ದಾಗ ದೊಡ್ಡ ಹುಳವಾಗಿರುತ್ತಾನಲ್ಲ, ಅದು. ಕಾಫ್ಕಾ ಬರೆದದ್ದು 1912ರ ಕೊನೆಗೆ, ಅಚ್ಚಾದದ್ದು 1915ರಲ್ಲಿ.

ಎರಡು ಪುಟ ಓದುವಷ್ಟರಲ್ಲಿ ಆ ಹುಡುಗ ಎದ್ದು ನಿಂತ. ‘ಸರ್, ಯಾವ ಬಾಗಿಲು ಯಾವ ಕಡೆಗೆ ಅಂತ ಗೊತ್ತಾಗ್ತಿಲ್ಲ’ ಅಂದ. ಮೇಷ್ಟ್ರು ಒಳಗಿಂದ ಸೀಮೆಸುಣ್ಣ ತಂದುಕೊಟ್ಟರು. ಸಿಮೆಂಟ್ ಅಂಗಳದ ಮೇಲೆ ಮಕ್ಕಳು ಸಾಮ್ಸಾನ ಮನೆ ಬರೆದರು ನೋಡಿ. ನಡುವೆ ಗ್ರೆಗರ್‌ನ ಕೋಣೆ, ಮಂಚದ ತಲೆದೆಸೆಯ ಹತ್ತಿರ ಒಂದು ಬಾಗಿಲು, ಅಕ್ಕಪಕ್ಕದ ಗೋಡೆಗಳಲ್ಲಿ ಒಂದೊಂದು. ಊರೂರು ಸುತ್ತಿ ಹೋಟೆಲುಗಳಲ್ಲಿ ಮಲಗಿ ಅಭ್ಯಾಸವಾದವನು, ಸ್ವಂತ ಮನೆಯಲ್ಲೂ ರಾತ್ರಿ ಮೂರೂ ಬಾಗಿಲಿಗೆ ಬೀಗ ಹಾಕಿಕೊಂಡಿರುತ್ತಾನೆ. ಒಬ್ಬಳು ನಡುವೆ ಕೂತಳು. ಉಳಿದ ಮೂವರು ಮೂರು ಬಾಗಿಲಲ್ಲಿ ನಿಂತು ಅಮ್ಮ, ಅಪ್ಪ, ತಂಗಿ ಆದರು. ಅಮ್ಮ ಮೆತ್ತಗೆ ಕರೆಯುತ್ತಾಳೆ, ಅಪ್ಪ ಒಂದು ಕಡೆಯಿಂದ ಗುದ್ದುತ್ತಾನೆ, ಇನ್ನೊಂದು ಕಡೆಯಿಂದ ತಂಗಿ ಪಿಸುಮಾತಿನಲ್ಲಿ ಕೇಳುತ್ತಾಳೆ. ನಡುವೆ ಕೂತ ಹುಡುಗಿ ಒಂದು ನಿಮಿಷದಲ್ಲಿ ಎದ್ದು ಹೊರಗೆ ಬಂದಳು. ‘ಉಸಿರು ಕಟ್ಟತ್ತೆ, ಮೂರೂ ಕಡೆಯಿಂದ ಪ್ರೀತಿ ಇರೋರೇ ಕರೀತಿದಾರೆ’ ಅಂದಳು. ಗೈಡಿನಲ್ಲಿ ಈ ಮಾತು ಇರಲಾರದು.

ಕಾದಂಬರಿಕಾರ ನಬೊಕೊವ್ ಅಮೆರಿಕದ ಕಾರ್ನೆಲ್‌ನಲ್ಲಿ ಪಾಠ ಹೇಳುವಾಗ ಇದೇ ಕೆಲಸ ಮಾಡುತ್ತಿದ್ದನಂತೆ. ಆ ಮನೆಯ ನಕ್ಷೆ ಬರೆದಿದ್ದ, ಹುಳದ ಚಿತ್ರವನ್ನೂ ಬರೆದಿದ್ದ. ಚಿಟ್ಟೆಗಳನ್ನು ಅಧ್ಯಯನ ಮಾಡಿದ ಮನುಷ್ಯ ಅವನು, ಹುಳದ ವಿಷಯದಲ್ಲಿ ರಾಜಿ ಇಲ್ಲ. ಇದು ಜಿರಳೆ ಅಲ್ಲ, ಬೆನ್ನು ಉಬ್ಬಿದ ಜೀರುಂಡೆ ಜಾತಿ, ಅದಕ್ಕೆ ಚಿಪ್ಪಿನ ಕೆಳಗೆ ರೆಕ್ಕೆ ಇರಬೇಕು, ಆದರೆ ಗ್ರೆಗರ್‌ಗೆ ತನಗೆ ರೆಕ್ಕೆ ಇದೆ ಅಂತ ಕೊನೆಯವರೆಗೂ ತಿಳಿಯಲಿಲ್ಲ ಅನ್ನುವುದು ಅವನ ವಾದ. ಕೇಳಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಕಾಫ್ಕಾನಿಗೆ ಮಾತ್ರ ಹುಳದ ಚಿತ್ರವೇ ಬೇಡವಾಗಿತ್ತು. ಪುಸ್ತಕದ ಮುಖಪುಟಕ್ಕೆ ಅದನ್ನು ಬರೆಸಬೇಡಿ, ದೂರದಿಂದಲೂ ತೋರಿಸಬೇಡಿ ಅಂತ ಪ್ರಕಾಶಕರಿಗೆ ಕಾಗದ ಬರೆದ. ಕೊನೆಗೆ ಮುಖಪುಟಕ್ಕೆ ಬಂದದ್ದು ಮುಖ ಮುಚ್ಚಿಕೊಂಡು ಬಾಗಿಲಿನಿಂದ ಆಚೆ ತಿರುಗಿದ ಒಬ್ಬ ಗಂಡಸು.

ಹಾಗಾದರೆ ಆ ಹುಳಕ್ಕೆ ಕನ್ನಡದಲ್ಲಿ ಏನನ್ನಬೇಕು? ಎರಡನೇ ಭಾನುವಾರ ಪೂರ್ತಿ ಇದರಲ್ಲೇ ಹೋಯಿತು. ಮಕ್ಕಳಿಗೆ ತಮ್ಮ ಪ್ರಬಂಧದಲ್ಲಿ ಮೂರು ನಾಲ್ಕು ಪುಟ ತಾವೇ ಕನ್ನಡಕ್ಕೆ ತರುವ ಆಸೆ. ಮೇಷ್ಟ್ರು ಹಿಂದೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತವರು, ಮೂಲ ಮುಂದಿಟ್ಟುಕೊಂಡು ಕೂತಿದ್ದರು. ಅಲ್ಲಿರುವ ಮಾತು ‘ಉಂಗೆಝೀಫರ್’. ಇಂಥದ್ದೇ ಹುಳ ಅಂತಿಲ್ಲ, ಮನೆಯಲ್ಲಿ ಇರಬಾರದ ಪ್ರಾಣಿ ಅಷ್ಟೇ. ಬಲಿ ಕೊಡಲೂ ಸಲ್ಲದ, ಅಶುದ್ಧವಾದ ಪ್ರಾಣಿ ಅನ್ನುವುದು ಆ ಮಾತಿನ ಹಳೆಯ ಅರ್ಥವಂತೆ. ಕೀಟ ಅಂದರೆ ಪಾಠದ ಪುಸ್ತಕ ಆಯಿತು. ಜಂತು ಅಂದರೆ ಹೊಟ್ಟೆಯೊಳಗಿನದು ನೆನಪಾಗುತ್ತದೆ. ಹುಳಹುಪ್ಪಟೆ ಅಂದರೆ ಒಂದಲ್ಲ, ನೂರು ಕಾಣುತ್ತವೆ. ಆಗ ಶಿಕಾರಿಪುರದ ಕಡೆಯ ಹುಡುಗಿ, ಅವರದ್ದು ಮೆಕ್ಕೆಜೋಳ ಬೆಳೆಯುವ ಮನೆ, ‘ಪೀಡೆ ಅಂತ ಹಾಕಿದ್ರೆ?’ ಅಂದಳು. ಎಲ್ಲರೂ ಸುಮ್ಮನಾದರು. ಬೆಳೆಗೆ ಬಿದ್ದ ಹುಳಕ್ಕೂ ಪೀಡೆ ಅಂತೀವಿ, ಮನೆಗೆ ಹೊರೆಯಾದ ಮನುಷ್ಯನಿಗೂ ಪೀಡೆ ಅಂತೀವಿ. ಪೀಡೆ ತೊಲಗಿತು ಅಂತ ಹೇಳಿ ಬಾಗಿಲು ಹಾಕಿಕೊಳ್ಳುತ್ತೀವಿ. ಇಡೀ ಕಥೆ ಆ ಒಂದು ಮಾತಿನಲ್ಲಿ ಮಡಚಿ ಇಟ್ಟ ಹಾಗಿದೆ. ಮೇಷ್ಟ್ರು ಮಾತ್ರ ಒಪ್ಪಲಿಲ್ಲ. ‘ಮೊದಲ ಸಾಲಲ್ಲೇ ತೀರ್ಪು ಕೊಟ್ಟ ಹಾಗಾಗತ್ತೆ’ ಅಂತ ಅವರ ಆಕ್ಷೇಪ. ಅದೂ ನಿಜವೇ. ಆ ಮಾತನ್ನು ಕೊನೆಗಿಟ್ಟುಕೊಳ್ಳಿ ಅಂದರು.

ಇದಕ್ಕಿಂತ ದೊಡ್ಡದು ಇನ್ನೊಂದು ಬಂತು. ಜರ್ಮನ್‌ನಲ್ಲಿ ಕಥೆ ಹೇಳುವವನು ಗ್ರೆಗರ್‌ನನ್ನು ಉದ್ದಕ್ಕೂ ‘ಅವನು’ ಅಂತಲೇ ಕರೆಯುತ್ತಾನೆ. ಕಾಲು ಎಷ್ಟಿದ್ದರೂ ಅವನೇ. ಆದರೆ ಕೊನೆಯ ಭಾಗದಲ್ಲಿ, ಬಾಡಿಗೆಗಿದ್ದ ಮೂವರು ಗಡ್ಡದವರು ರೇಗಿ ಮನೆ ಬಿಡುತ್ತೇವೆ ಅಂದ ಮೇಲೆ, ತಂಗಿ ಗ್ರೇಟೆ ಮೇಜು ಗುದ್ದಿ ‘ಅದು’ ಅನ್ನತೊಡಗುತ್ತಾಳೆ. ಅದು ಹೋಗಬೇಕು, ಅದು ಗ್ರೆಗರ್ ಅಲ್ಲ ಅನ್ನುವ ವಾದ. ಯಾವ ಅಪ್ಪ ಸೇಬು ಎಸೆದು ಬೆನ್ನಿಗೆ ಗಾಯ ಮಾಡಿದನೋ ಅವನು ಆ ಹೊತ್ತಿಗೂ ‘ಅವನಿಗೆ ನಮ್ಮ ಮಾತು ತಿಳಿಯುವ ಹಾಗಿದ್ದಿದ್ದರೆ’ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ, ಅಂದರೆ ಅಪ್ಪನಿಗೆ ಇನ್ನೂ ಅವನೇ. ಹಾಲಿನ ಬಟ್ಟಲು ತಂದಿಟ್ಟವಳು, ಕೊಳೆತ ತರಕಾರಿ, ಮೂಳೆ, ದ್ರಾಕ್ಷಿ, ಹಳೆ ಚೀಸು ಎಲ್ಲವನ್ನೂ ಪತ್ರಿಕೆಯ ಹಾಳೆಯ ಮೇಲೆ ಹರಡಿ ಅಣ್ಣನಿಗೆ ಈಗ ಯಾವುದು ರುಚಿಸುತ್ತದೆ ಅಂತ ನೋಡಿದವಳು, ಅವಳಿಗೆ ಅದು. ಮರುದಿನ ಬೆಳಗ್ಗೆ ಕೆಲಸದವಳೂ ಅದು ಸತ್ತುಹೋಯಿತು ಅಂತಲೇ ಕೂಗುತ್ತಾಳೆ.

ಇಂಗ್ಲಿಷಿನಲ್ಲಿ ಒಂದು ಸರ್ವನಾಮ ಬದಲಾಯಿಸಿದರೆ ಮುಗಿಯಿತು. ಕನ್ನಡದಲ್ಲಿ ಹಾಗಲ್ಲ. ಬಂದ, ಬಂತು. ತಿಂದ, ತಿಂತು. ನಮ್ಮ ಪ್ರತಿ ಕ್ರಿಯಾಪದದ ಬಾಲದಲ್ಲೂ ಅವನೋ ಅದೋ ಅನ್ನುವುದು ಅಂಟಿಕೊಂಡೇ ಇರುತ್ತದೆ. ಹುಳ ಹರಿಯಿತು ಅನ್ನುತ್ತೇವೆಯೇ ಹೊರತು ಹರಿದ ಅನ್ನುವುದಿಲ್ಲ. ಗೋಡೆ ಹತ್ತಿ ಚಾವಣಿಗೆ ಅಂಟಿಕೊಂಡು ನೇತಾಡುವ ಹುಳದ ಬಗ್ಗೆ ಇಡೀ ಕಥೆ ‘ಹತ್ತಿದ, ನೇತಾಡಿದ’ ಅಂತ ಬರೆಯಬೇಕು. ಹಾಗೆ ಬರೆದರೆ ಓದುವವರಿಗೆ ಪ್ರತಿ ವಾಕ್ಯದ ಕೊನೆಗೂ ಇವನು ಮನುಷ್ಯ, ಇವನು ಮನುಷ್ಯ ಅಂತ ಯಾರೋ ಹೇಳಿದ ಹಾಗೆ ಕೇಳುತ್ತದೆ. ಹುಡುಗ ಒಂದು ಪುಟ ಹಾಗೆ ಬರೆದುಕೊಂಡು ಬಂದು ಓದಿದ. ನಿಜ ಹೇಳುತ್ತೇನೆ, ಇಂಗ್ಲಿಷಿನಲ್ಲಿ ಕೇಳಿದಾಗ ಬರದಿದ್ದ ಕಣ್ಣೀರು ಆಗ ಬಂತು.

ಅಷ್ಟರಲ್ಲಿ ಒಳಗಿನಿಂದ ಮೇಷ್ಟ್ರ ಅಮ್ಮ ಕೂಗಿದರು. ಅವರು ಸಾಗರದ ಹವ್ಯಕರ ಮನೆಯವರಲ್ಲವೇ, ಅವರ ಮಾತಿನಲ್ಲಿ ಹೆಣ್ಣುಮಕ್ಕಳೆಲ್ಲ ‘ಅದು’. ಶಿಕಾರಿಪುರದ ಹುಡುಗಿಯನ್ನು ನೋಡಿ, ‘ಅದು ಬೆಳಗ್ಗಿಂದ ಏನೂ ತಿಂದಿಲ್ಲೆ, ಅದಕ್ಕೊಂದು ದೋಸೆ ಕೊಡ್ರೋ’ ಅಂದರು. ಎಂಥಾ ಅಕ್ಕರೆ ಆ ಮಾತಿನಲ್ಲಿ! ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾವೂ ಅಷ್ಟೇ, ಎಳೆ ಮಗುವಿಗೆ, ಕಾಯಿಲೆಯವರಿಗೆ, ಕಂಡು ಕನಿಕರ ಬಂದವರಿಗೆ ‘ಪಾಪ, ಅದಕ್ಕೇನು ಗೊತ್ತು’ ಅನ್ನುವುದಿಲ್ಲವೇ? ಒಬ್ಬಳು ಹೇಳಿದಳು, ಗ್ರೇಟೆ ಮೊದಮೊದಲು ಊಟ ತರುವಾಗಲೇ ಕನ್ನಡದಲ್ಲಿ ‘ಪಾಪ, ಅದು’ ಅನ್ನಲಿ, ಕೊನೆಗೆ ಅದೇ ಬಾಯಲ್ಲಿ ಅದೇ ‘ಅದು’ ಕಲ್ಲಾಗಿ ಬರಲಿ ಅಂತ. ಇನ್ನೊಬ್ಬಳು ಕೂಡದು ಅಂದಳು, ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ ಹಾಗಾಗುತ್ತದೆ. ನನಗೆ ಮೊದಲನೆಯವಳ ಮಾತೇ ಮನಸ್ಸಿಗೆ ಹಿಡಿಸಿತು. ಪ್ರೀತಿ ಹೋಗುವಾಗ ಮಾತು ಬದಲಾಗಬೇಕಾಗಿಲ್ಲ, ದನಿ ಬದಲಾದರೆ ಸಾಕು. ಗ್ರೇಟೆ ಆ ಹಾಲಿನ ಬಟ್ಟಲನ್ನು ಬರಿಗೈಯಲ್ಲಿ ಮುಟ್ಟದೆ ಬಟ್ಟೆ ಸುತ್ತಿ ಎತ್ತುತ್ತಾಳೆ ಅಂತ ಕಾಫ್ಕಾ ಮೊದಲೇ ಬರೆದಿಟ್ಟಿದ್ದಾನೆ. ಅಲ್ಲೇ ಶುರುವಾಗಿತ್ತು.

ಮೂರನೇ ಭಾನುವಾರ ಬದುಕಿನ ಭಾಗ. ಮಕ್ಕಳು, ಕಾಫ್ಕಾ ಹುಟ್ಟಿದ್ದು 1883ರ ಜುಲೈ 3, ಪ್ರಾಗ್, ಅಪ್ಪ ಹರ್ಮನ್‌ನದು ಫ್ಯಾನ್ಸಿ ಸಾಮಾನಿನ ಅಂಗಡಿ, ಕಾನೂನಿನಲ್ಲಿ ಡಾಕ್ಟರೇಟ್ ಅಂತ ಪಟ್ಟಿ ಮಾಡಿದ್ದರು. ಹಗಲು ಗುಮಾಸ್ತಗಿರಿ, ರಾತ್ರಿ ಬರವಣಿಗೆ, ಪಾಪ ಕೆಲಸವೇ ಅವನನ್ನು ಕೊಂದಿತು ಅಂತ ಬರೆದುಕೊಂಡಿದ್ದರು. ಅಲ್ಲಿ ನಾನು ಬಾಯಿ ಹಾಕಿದೆ. ನಿಮಗೆ ಗೊತ್ತಲ್ಲ, ನಾನು ಮೂವತ್ತು ವರ್ಷ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿದ್ದವಳು. ಕಾಫ್ಕಾ 1908ರಿಂದ 1922ರವರೆಗೆ ಇದ್ದದ್ದು ಬೊಹೀಮಿಯಾ ಪ್ರಾಂತ್ಯದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಕೆಲಸ. ಮೇಷ್ಟ್ರು ಅವನ ಕಚೇರಿ ಬರಹಗಳ ಪುಸ್ತಕ ತೆಗೆದು ಒಂದು ಪುಟ ನನ್ನ ಮುಂದೆ ಹಿಡಿದರು. ಮರ ಹೆರೆಯುವ ಯಂತ್ರದ ಬಗ್ಗೆ ಅವನು ಬರೆದ ವರದಿ ಅದು, 1910ರದ್ದು. ಹಳೆ ಯಂತ್ರದ ದಂಡ ಚೌಕಾಕಾರ. ಅಲಗಿಗೂ ಮೇಜಿಗೂ ನಡುವೆ ಸಂದು. ಮರದಲ್ಲಿ ಗಂಟು ಸಿಕ್ಕಿ ಹಲಗೆ ಜಿಗಿದರೆ ಕೈ ಆ ಸಂದಿಗೆ ಹೋಯಿತು ಅಂತಲೇ. ಚೌಕದ ಬದಲು ದುಂಡು ದಂಡ ಹಾಕಿ, ಅಲಗನ್ನು ಅದರೊಳಗೆ ಅಡಗಿಸಿ, ಆಗ ಬೆರಳು ಜಾರಿದರೂ ಚರ್ಮ ಕೊಯ್ದೀತು, ಬೆರಳು ಉಳಿಯುತ್ತದೆ ಅಂತ ವಿವರಿಸಿದ್ದಾನೆ. ಪಕ್ಕದಲ್ಲಿ ಕೈಗಳ ಚಿತ್ರ, ಒಂದರಲ್ಲಿ ಬೆರಳ ತುದಿಯಿಲ್ಲ, ಇನ್ನೊಂದರಲ್ಲಿ ಬೆರಳೇ ಇಲ್ಲ.

ನನ್ನ ಕೈ ನಡುಗಿತು. ಸಾಮಿಲ್ಲಿನಿಂದ ಬರುತ್ತಿದ್ದ ಹುಡುಗರನ್ನು ನಾನು ಎಷ್ಟು ನೋಡಿಲ್ಲ! ಒಬ್ಬನಂತೂ ಬಲಗೈಯನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ನನ್ನ ಮೇಜಿನ ಎದುರು ನಿಂತೇ ಇದ್ದ, ಕೂರಪ್ಪ ಅಂದರೂ ಕೂರಲಿಲ್ಲ. ತೋರಿಸು ಅಂದಾಗ ನಿಧಾನ ಬಿಚ್ಚಿದ. ತೋರುಬೆರಳೂ ನಡುಬೆರಳೂ ಇರಲಿಲ್ಲ. ನಮ್ಮ ಕಾರ್ಮಿಕ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿ ಎಲ್ಲಕ್ಕೂ ಲೆಕ್ಕ ಇತ್ತು. ಹೆಬ್ಬೆರಳಿಗೆ ಶೇಕಡಾ 30, ಪೂರ್ತಿ ತೋರುಬೆರಳಿಗೆ 14, ಉಂಗುರ ಬೆರಳಿಗೆ 7, ಒಂದೇ ಕೈಯ ಎರಡು ಬೆರಳಿಗೆ 20. ನಾನು 20 ಅಂತ ಬರೆದೆ. ಅವನು ಕೈ ಮುಗಿಯಲು ಹೋದ. ಆ ಕೈಯಲ್ಲಿ ಮುಗಿಯುವುದು ಹೇಗೆ ಹೇಳಿ. ಕಾಫ್ಕಾನ ಗೆಳೆಯ ಮ್ಯಾಕ್ಸ್ ಬ್ರಾಡ್ ಬರೆದಿದ್ದಾನಂತೆ, ಈ ಕೂಲಿಗಳು ಕಚೇರಿಯನ್ನು ಪುಡಿಗಟ್ಟುವ ಬದಲು ಬಂದು ಬೇಡಿಕೊಳ್ಳುತ್ತಾರಲ್ಲ, ಎಷ್ಟು ಸಾಧುಗಳು ಅಂತ ಕಾಫ್ಕಾ ಬೆರಗಾಗುತ್ತಿದ್ದ ಅಂತ. ಆ ಬೆರಗು ನನಗೆ ಅರ್ಥವಾಗುತ್ತದೆ. ನಮ್ಮ ಆ ಕಾಯಿದೆ ಬಂದದ್ದು 1923ರಲ್ಲಿ, ಜಾರಿಯಾದದ್ದು 1924ರ ಜುಲೈ 1ಕ್ಕೆ. ಪ್ರಾಗ್‌ನಲ್ಲಿ ಬೆರಳು ಎಣಿಸುತ್ತಿದ್ದವನು ತೀರಿಹೋಗಿ ಆಗ ಒಂದು ತಿಂಗಳು ಸಹ ಆಗಿರಲಿಲ್ಲ.

ಕೆಲಸ ಅವನನ್ನು ಸುಸ್ತು ಮಾಡಿತು, ಹೌದು, ಗೊಣಗುತ್ತಲೇ ಇದ್ದ. ಆದರೆ ಆ ಕೆಲಸ ಅವನಿಗೆ ಕಣ್ಣನ್ನೂ ಕೊಟ್ಟಿತು ಅಂತ ನಾನು ಮಕ್ಕಳಿಗೆ ಹಟ ಹಿಡಿದು ಹೇಳಿದೆ. ಅಪಘಾತದ ಫೈಲಿನಲ್ಲಿ ಅಯ್ಯೋ ಅಂತ ಬರೆಯುವ ಹಾಗಿಲ್ಲ. ಎಷ್ಟು ಗಂಟೆಗೆ, ಯಾವ ಕೈ, ಯಾವ ಬೆರಳು, ಯಂತ್ರ ಯಾವ ಕಡೆ ತಿರುಗುತ್ತಿತ್ತು ಅಷ್ಟೇ. ಓದುವವನಿಗೆ ಅಯ್ಯೋ ಅನ್ನಿಸುವುದು ಅದರಿಂದಲೇ. ಗ್ರೆಗರ್ ಹುಳವಾಗಿ ಎದ್ದ ಬೆಳಗ್ಗೆ ಕಾಫ್ಕಾ ಬೇಗನೆ ಬಂದು ನಿಲ್ಲುವುದು ಗಡಿಯಾರದ ಲೆಕ್ಕಕ್ಕೆ. ಅಲಾರಂ ನಾಲ್ಕಕ್ಕೆ ಇಟ್ಟಿತ್ತು, ಈಗ ಆರೂವರೆ, ಐದರ ರೈಲು ಹೋಯಿತು, ಮುಂದಿನದು ಏಳಕ್ಕೆ. ಮೈ ಏನಾಯಿತು ಅನ್ನುವುದಕ್ಕಿಂತ ಹಾಜರಿಯ ದಿಗಿಲು. 1914ರಲ್ಲಿ ಬರೆದ ‘ದಂಡನೆಯ ವಸಾಹತು’ ಕಥೆಯಲ್ಲಿ ಅಪರಾಧಿಯ ಮೈಮೇಲೆ ತೀರ್ಪನ್ನು ಸೂಜಿಗಳಿಂದ ಕೊರೆಯುವ ಯಂತ್ರ ಬರುತ್ತದೆ. ಅದರ ಒಂದೊಂದು ಭಾಗದ ವಿವರಣೆಯನ್ನು ಆ ಹೆರೆಯುವ ಯಂತ್ರದ ವರದಿಯ ಪಕ್ಕ ಇಟ್ಟು ಓದಿ ನೋಡಿ, ಬರೆದ ಕೈ ಒಂದೇ ಅಂತ ಗೊತ್ತಾಗುತ್ತದೆ.

ಅಪ್ಪನ ವಿಷಯದಲ್ಲಿ ಮಾತ್ರ ನನಗೂ ಮಕ್ಕಳಿಗೂ ಜಟಾಪಟಿಯೇ ಆಯಿತು. 1919ರಲ್ಲಿ ಕಾಫ್ಕಾ ಅಪ್ಪನಿಗೆ ನೂರು ಪುಟ ಮೀರಿದ ಕಾಗದ ಬರೆದ, ಅದು ಅಪ್ಪನ ಕೈ ಸೇರಲೇ ಇಲ್ಲ. ಚಿಕ್ಕಂದಿನಲ್ಲಿ ಒಂದು ರಾತ್ರಿ ನೀರು ಬೇಕು ಅಂತ ಅತ್ತದ್ದಕ್ಕೆ ಅಪ್ಪ ಹಾಸಿಗೆಯಿಂದ ಎತ್ತಿ ಹೊರಗಿನ ಪಡಸಾಲೆಯಲ್ಲಿ ಅಂಗಿಯಲ್ಲೇ ನಿಲ್ಲಿಸಿ ಬಾಗಿಲು ಹಾಕಿದ್ದು ಅದರಲ್ಲಿದೆ. ಮಕ್ಕಳಿಗೆ ಇದು ಬೀಗದ ಕೈ ಸಿಕ್ಕಿದಷ್ಟು ಖುಷಿ. ಎಲ್ಲ ಕಥೆಯ ಎಲ್ಲ ಅಪ್ಪಂದಿರೂ ಹರ್ಮನ್, ಮುಗಿಯಿತು! ನಾನು ಒಪ್ಪಲಿಲ್ಲ. ಅದೇ ಕಾಗದದಲ್ಲಿ ಆ ಅಪ್ಪನ ಬಾಲ್ಯವೂ ಇದೆ. ಹಳ್ಳಿಯ ಕಟುಕನ ಮಗ ಅವನು, ಚಳಿಗಾಲದಲ್ಲಿ ಕಾಲು ಹುಣ್ಣಾಗಿದ್ದರೂ ಗಾಡಿ ತಳ್ಳಿಕೊಂಡು ಊರೂರು ಹೋಗಬೇಕಿತ್ತು. ಕಥೆಯ ಅಪ್ಪನಿಗೂ ಹಾಗೇ ಒಂದು ಇದೆ. ಮಗ ದುಡಿಯುವವರೆಗೆ ಆರಾಮ ಕುರ್ಚಿಯಲ್ಲಿ ತೂಕಡಿಸುತ್ತಿದ್ದವನು ಬ್ಯಾಂಕಿನಲ್ಲಿ ಜವಾನನಾಗಿ ಸೇರಿ, ಚಿನ್ನದ ಬಣ್ಣದ ಗುಂಡಿಯ ಸಮವಸ್ತ್ರವನ್ನು ಮನೆಯಲ್ಲೂ ಬಿಚ್ಚದೆ ಹಾಕಿಕೊಂಡೇ ನಿದ್ದೆ ಹೋಗುತ್ತಾನೆ. ಅಂಥವನನ್ನು ಬರೀ ಕಾಗದದ ಅಪ್ಪ ಅಂತ ಮಡಚಿ ಒಳಗಿಟ್ಟರೆ ಕಥೆಗೆ ಅನ್ಯಾಯ, ಹರ್ಮನ್‌ಗೂ ಅನ್ಯಾಯ. ನಮ್ಮ ಚಿತ್ತಾಲರ ‘ಶಿಕಾರಿ’ ಕಾದಂಬರಿಯ, ಕೆಲಸದಿಂದ ಅಮಾನತ್ತಾದ ನಾಗಪ್ಪನನ್ನು ಓದುವಾಗ ಚಿತ್ತಾಲರ ಕಂಪನಿಯಲ್ಲಿ ಇವರು ಯಾರು ಅಂತ ಹುಡುಕಿಕೊಂಡು ಕೂರುತ್ತೇವೆಯೇ? ಆ ಅಮಾನತ್ತಿನ ಭಯ ನಮ್ಮ ಮೈಗೇ ಹತ್ತುತ್ತದೆ, ಅಷ್ಟು ಸಾಕಲ್ಲ.

ಭಾಷೆಯ ಮಾತು ಬಂದಾಗ ಮಾತ್ರ ಎಲ್ಲರೂ ಒಂದಾದೆವು. ಸುತ್ತ ಚೆಕ್ ಆಡುವ ಊರು, ಮನೆಯವರು ಯಹೂದಿಗಳು, ಇವನು ಬರೆಯುವುದು ಜರ್ಮನ್. ಅಮ್ಮನನ್ನು ಜರ್ಮನ್‌ನಲ್ಲಿ ‘ಮುಟರ್’ ಅಂದರೆ ಅವಳು ಅಮ್ಮ ಅನ್ನಿಸುವುದೇ ಇಲ್ಲ ಅಂತ 1911ರ ದಿನಚರಿಯಲ್ಲಿ ನೊಂದುಕೊಂಡಿದ್ದಾನೆ. ಮಕ್ಕಳಲ್ಲೊಬ್ಬಳ ಮನೆಮಾತು ಕೊಂಕಣಿ, ಹುಡುಗನದು ಉರ್ದು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಮನೆಯ ಮಾತೊಂದು, ಬರೆಯುವ ಮಾತೊಂದು ಅನ್ನುವುದು ನಮಗೆ ಹೊಸದೇ? ಆದರೆ ಕನ್ನಡ ಅವರಿಬ್ಬರನ್ನೂ ಅಪ್ಪಿಕೊಂಡಿತು. ಪ್ರಾಗ್‌ನಲ್ಲಿ ಜರ್ಮನ್ ಬರೆದ ಯಹೂದಿಗೆ ಆ ಮಡಿಲು ಸಿಗಲಿಲ್ಲ.

ಕೊನೆಯ ಪುಟಗಳನ್ನು ಬೇಗ ದಾಟಿದೆವು, ನಿಂತರೆ ಕಷ್ಟ. 1917ರಲ್ಲಿ ಬಾಯಲ್ಲಿ ರಕ್ತ. ವಿಯೆನ್ನಾ ಹತ್ತಿರದ ಕೀರ್ಲಿಂಗ್ ಆರೋಗ್ಯಧಾಮದಲ್ಲಿ ಕ್ಷಯ ಗಂಟಲಿಗೆ ಏರಿ ಮಾತು ನಿಂತಾಗ ಚೀಟಿಗಳಲ್ಲಿ ಬರೆದು ತೋರಿಸುತ್ತಿದ್ದ. ಅನ್ನ ಇಳಿಯದ ಹೊತ್ತಿನಲ್ಲಿ ‘ಉಪವಾಸ ಕಲಾವಿದ’ನ ಕರಡು ತಿದ್ದುತ್ತಿದ್ದ. ಮೂವರು ತಂಗಿಯರೂ ನಾಜಿಗಳ ಕೈಯಲ್ಲಿ ಸತ್ತರು. ಅವರಲ್ಲಿ ಕಿರಿಯಳು, ಅವನ ಪ್ರಾಣವೇ ಆಗಿದ್ದ ಒಟ್ಲಾ, 1943ರಲ್ಲಿ ತಾನಿದ್ದ ಕ್ಯಾಂಪಿನಿಂದ ಬೇರೆಡೆ ಸಾಗಿಸುತ್ತಿದ್ದ ಮಕ್ಕಳ ಗುಂಪಿನ ಜೊತೆ ತಾನಾಗಿಯೇ ಹೊರಟಳು. ರೈಲು ಹೋದದ್ದು ಆಶ್ವಿಟ್ಸ್‌ಗೆ. ಓದುತ್ತಿದ್ದ ಹುಡುಗಿ ಪುಸ್ತಕ ಮಡಚಿ ಒಳಗೆ ಹೋಗಿ ಅಜ್ಜಿಯ ಪಕ್ಕ ಕೂತಳು. ಅಂಗಳದಲ್ಲಿ ಗ್ರೇಟೆಯ ಕೋಣೆಯ ಗೆರೆ ಹಾಗೇ ಇತ್ತು. ನಾವು ಯಾರೂ ಅದನ್ನು ತುಳಿಯಲಿಲ್ಲ.

ಬರೆದದ್ದೆಲ್ಲ ಸುಟ್ಟುಬಿಡು ಅಂತ ಬ್ರಾಡ್‌ಗೆ ಹೇಳಿದ್ದನಂತೆ. ಬ್ರಾಡ್ ಸುಡಲಿಲ್ಲ. 1925ರಲ್ಲಿ ‘ವಿಚಾರಣೆ’, 1926ರಲ್ಲಿ ‘ಕೋಟೆ’ ಅಚ್ಚು ಹಾಕಿಸಿದ, 1939ರ ಮಾರ್ಚಿನಲ್ಲಿ ಜರ್ಮನ್ ಸೈನ್ಯ ಪ್ರಾಗ್‌ಗೆ ನುಗ್ಗುವ ರಾತ್ರಿ ಹಸ್ತಪ್ರತಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲು ಹತ್ತಿದ. ಗೆಳೆಯನ ಮಾತು ಮೀರಬಾರದಿತ್ತು ಅಂತ ಕೊಂಕಣಿ ಹುಡುಗಿ ಈಗಲೂ ಮುಖ ಊದಿಸಿಕೊಂಡಿದ್ದಾಳೆ. ಸುಡುವುದಿಲ್ಲ ಅಂತ ಬ್ರಾಡ್ ಮೊದಲೇ ಹೇಳಿದ್ದ, ಹಾಗಿದ್ದೂ ಕಾಫ್ಕಾ ಅವನಿಗೇ ವಹಿಸಿದ, ಅಲ್ಲಿಗೆ ನನಗೆ ಉತ್ತರ ಸಿಕ್ಕಿದ ಹಾಗೆ.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ಮುಂದಿನ ಭಾನುವಾರದಿಂದ ‘ಕೋಟೆ’ ಶುರು. ಹಿಮ ಬಿದ್ದ ರಾತ್ರಿ ಒಬ್ಬ ಹಳ್ಳಿಗೆ ಬಂದು ನಾನು ಸರ್ವೆಯರ್, ಕೋಟೆಯವರು ಕರೆಸಿದ್ದಾರೆ ಅನ್ನುತ್ತಾನೆ. ಇಡೀ ಕಾದಂಬರಿಯಲ್ಲಿ ಒಂದು ಗೇಣು ನೆಲವನ್ನೂ ಅಳೆಯಲು ಅವನಿಗೆ ಆಗುವುದಿಲ್ಲ. ಹಸ್ತಪ್ರತಿ ಒಂದು ವಾಕ್ಯದ ನಡುವೆಯೇ ನಿಂತುಹೋಗಿದೆಯಂತೆ. ಮಕ್ಕಳು ಸೀಮೆಸುಣ್ಣ ಹಿಡಿದು ಕೂತಿದ್ದಾರೆ, ಹಳ್ಳಿ ಎಲ್ಲಿ, ಕೋಟೆ ಎಲ್ಲಿ, ಹೋಟೆಲು ಎಲ್ಲಿ ಅಂತ ಬರೆಯಬೇಕು ಅಂತ. ಮೇಷ್ಟ್ರ ಅಂಗಳ ಸಾಲುವುದಿಲ್ಲ. ನೀವು ಸರ್ವೆ ಇಲಾಖೆಯಲ್ಲಿ ಅಷ್ಟು ವರ್ಷ ಹಳ್ಳಿ ಹಳ್ಳಿ ಸುತ್ತಿದವರು. ಅಳೆಯಲು ಬಂದವನನ್ನು ಊರಿನವರು ಹೇಗೆ ನೋಡುತ್ತಾರೆ, ಮೊದಲ ದಿನ ಯಾರ ಮನೆಯ ಬಾಗಿಲು ತೆರೆಯುತ್ತದೆ, ಯಾರದು ತೆರೆಯುವುದಿಲ್ಲ, ಅದನ್ನು ಆ ಮಕ್ಕಳಿಗೆ ನೀವಲ್ಲದೆ ಇನ್ಯಾರು ಹೇಳಬೇಕು? ಅಟ್ಟದ ಮೇಲೆ ನಿಮ್ಮ ಹಳೇ ಸರಪಳಿ ಇನ್ನೂ ಇದ್ದರೆ ಅದನ್ನೂ ತನ್ನಿ. ಮೂರು ಗಂಟೆಗೆ ಬಂದರೆ ಸಾಕು, ಕಾಫಿ ನಮ್ಮ ಮನೆಯಿಂದ.